ಹಗ್ಗದಾಟದಲ್ಲಿ ನಾಯಿ ಗೆದ್ದರೆ?

ಪ್ರಶ್ನೆ: ಹಗ್ಗ ಎಳೆದಾಡುವಾಗ ನಮ್ಮ ನಾಯಿ ಗುರುಗುಟ್ಟುತ್ತದೆ, ಬಿಡು ಎಂದರೂ ಬಿಡುವುದಿಲ್ಲ. ಗೆಲ್ಲಲು ಬಿಟ್ಟರೆ ಅದು ತಾನೇ ಯಜಮಾನನೆಂದು ಭಾವಿಸುತ್ತದೆ, ಆದ್ದರಿಂದ ನೆಲಕ್ಕೆ ಕೆಡವಿ ಅದುಮಿ ಹಿಡಿಯಬೇಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಈ ಯಜಮಾನಿಕೆಯ ವಾದಕ್ಕೆ ಬಹುಮಟ್ಟಿಗೆ ಆಧಾರವಾದದ್ದು ಬಂಧನದಲ್ಲಿದ್ದ ತೋಳಗಳನ್ನು ಕುರಿತು ಪ್ರಾಣಿವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನ. ಕಾಡಿನ ತೋಳಗಳ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಸಂಸಾರವೇ ಹೊರತು ಯಜಮಾನಿಕೆಗಾಗಿ ಕಾದಾಡುವ ಗುಂಪಲ್ಲವೆಂದು ತೋಳಗಳ ಸಂಶೋಧಕ ಡೇವಿಡ್ ಮೀಚ್ 1999ರಲ್ಲಿ ವಿವರಿಸಿದ ಮೇಲೂ ಆ ವಾದ ಜನರ ಬಾಯಲ್ಲಿ ಉಳಿದುಕೊಂಡಿದೆ. ಕೆಡವಿದ ನಾಯಿ ಹೆದರಿ ಕಚ್ಚಬಹುದು, ಅದೂ ನಿಮ್ಮ ಮುಖ ಅದರ ಹಲ್ಲಿಗೆ ತೀರ ಹತ್ತಿರವಿರುವಾಗ.

ಗುರುಗುಟ್ಟುವುದೆಲ್ಲ ಸಿಟ್ಟಲ್ಲ. ಮುಂಗಾಲು ಚಾಚಿ, ಎದೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿದರೆ ಅದು ಆಟದ ಕರೆ. ಮೈ ಬಿಗಿದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ ಆಟವನ್ನು ಕೂಡಲೇ ನಿಲ್ಲಿಸಬೇಕು.

ಹಗ್ಗ ಬಿಡಿಸಲು ಜಗ್ಗಬೇಡಿ, ಜಗ್ಗಿದಷ್ಟೂ ಅದಕ್ಕೆ ಹುರುಪು ಹೆಚ್ಚು. ಹಗ್ಗವನ್ನು ಮಂಡಿಗೆ ಒತ್ತಿ ಅಲುಗದಂತೆ ಹಿಡಿದು, ‘ಬಿಡು’ ಎಂದು ಒಮ್ಮೆ ಹೇಳಿ, ಮೂಗಿನ ಬಳಿ ತಿನಿಸು ತೋರಿಸಿ, ಬಾಯಿ ಸಡಿಲಿಸಿದ ಕ್ಷಣವೇ ಅದನ್ನು ಕೊಟ್ಟು, ಮರಳಿ ಹಗ್ಗವನ್ನೂ ಕೊಡಿ. ಧಾರಾಳವಾಗಿ ಗೆಲ್ಲಲು ಬಿಡಿ. ಗೆದ್ದ ನಾಯಿ ಅನೇಕ ವೇಳೆ ಹಗ್ಗವನ್ನು ತಂದು ಮತ್ತೆ ನಿಮ್ಮ ಕೈಗೇ ತುರುಕುತ್ತದೆ. ಊಟದ ತಟ್ಟೆಯ ಬಳಿಯೂ ಗುರುಗುಟ್ಟುತ್ತಿದ್ದರೆ ಮಾತ್ರ ವಿಷಯ ಬೇರೆ, ಪಶುವೈದ್ಯರನ್ನು ಕಾಣಿರಿ.