ಪಹಣಿಯಲ್ಲಿ ಹೆಸರಿಲ್ಲದವರ ಪಾಲು

ಚಳ್ಳಕೆರೆ ತಾಲ್ಲೂಕಿನಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಮನೆಗೆ 12 ಎಕರೆ ಖುಷ್ಕಿ ಜಮೀನಿದೆ. ಸೋಲಾರ್ ಕಂಪನಿ ಕಡೆಯವರು ಬಂದು ಗುತ್ತಿಗೆಗೆ ಕೇಳಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಪಾವಗಡದಲ್ಲಿ ರೈತರಿಗೆ ಕೂತಲ್ಲೇ ಬಾಡಿಗೆ ಬರುತ್ತಿದೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸಾಲಗಾರರಾಗೋದಕ್ಕಿಂತ ಅದೇ ವಾಸಿ ಅಲ್ವಾ? ಅಪ್ಪ ಒಪ್ಪುತ್ತಿಲ್ಲ. ನಮ್ಮ ಹೊಲಕ್ಕೆ ಮೊದಲಿಂದ ಕೂಲಿಗೆ ಬರುವ ಮನೆಯವರು ಏನು ಮಾಡಬೇಕು ಅಂತ ಕೇಳುತ್ತಾರೆ. ನೀವೂ ಸೋಲಾರ್ ಬೇಕು, ಆದರೆ ನ್ಯಾಯವಾಗಿ ಬರಬೇಕು ಅಂತ ಬರೆಯುತ್ತೀರಿ. ಇಲ್ಲಿ ಅನ್ಯಾಯ ಯಾರಿಗೆ ಆಗುತ್ತಿದೆ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದಕ್ಕೆ ಉತ್ತರ ನಿಮ್ಮ ಅಪ್ಪನ ಮಾತಿನಲ್ಲೇ ಇದೆ.

ಮೊದಲು ಪಾವಗಡದ ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ ಜಮೀನು. ಅದನ್ನು ಸರ್ಕಾರ ಸ್ವಾಧೀನ ಮಾಡಿಕೊಳ್ಳಲಿಲ್ಲ. ರೈತರಿಂದ 28 ವರ್ಷಕ್ಕೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಬರ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಸೀಮೆ ಅದು. ಅಲ್ಲಿ ಜಮೀನು ಕಳೆದುಕೊಳ್ಳದೆ ವರ್ಷಕ್ಕಿಷ್ಟು ಅಂತ ಹಣ ಬರುವುದು ದೊಡ್ಡ ಮಾತೇ. ಇದನ್ನು ನಾನು ಮನಸಾರೆ ಹೇಳುತ್ತೇನೆ.

ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಹೊಲ ನಂಬಿ ಬದುಕುತ್ತಿದ್ದವರು ಅವರಷ್ಟೇ ಅಲ್ಲವಲ್ಲ.

ಎರಡು ವರ್ಷದ ಹಿಂದೆ ತಿರುಮಣಿ ಕಡೆ ಹೋಗಿದ್ದೆ. ರಸ್ತೆಯ ಎರಡೂ ಕಡೆ ತಂತಿ ಬೇಲಿ, ಅದರಾಚೆ ಕಣ್ಣು ಹಾಯುವಷ್ಟು ದೂರ ನೀಲಿ ಪ್ಯಾನೆಲ್ಲು. ಬೇಲಿ ಪಕ್ಕದ ಚರಂಡಿಯಲ್ಲಿ ಒಂದಿಷ್ಟು ಕುರಿಗಳು ಮೇಯುತ್ತಿದ್ದವು. ಹುಲ್ಲು ಜಾಸ್ತಿ ಇದ್ದದ್ದು ಬೇಲಿಯ ಒಳಗೆ. ಟೀ ಅಂಗಡಿ ಹತ್ತಿರ ಕೂತಿದ್ದ ಒಬ್ಬ ಹೆಂಗಸು ತನ್ನ ಬಲಗೈ ಹೆಬ್ಬೆರಳು ತೋರಿಸಿದರು. ಉಗುರಿನ ಪಕ್ಕದ ಚರ್ಮ ಕಲ್ಲಿನಂತಾಗಿತ್ತು. ವರ್ಷಗಟ್ಟಲೆ ಕಡಲೆಕಾಯಿ ಬಿಡಿಸಿದ ಗುರುತು. "ಕಾಯಿ ಕಾಲ ಬಂದ್ರೆ ಮನೇಲಿ ಮೂರು ಜನಕ್ಕೂ ಕೆಲ್ಸ ಇರ್ತಿತ್ತು. ಕೂಲಿನೂ ಸಿಗ್ತಿತ್ತು, ಮನೆಗಿಷ್ಟು ಕಾಯಿನೂ ಬರ್ತಿತ್ತು. ಈಗ ಬೆಳಗ್ಗೆ ಬಸ್ ಹತ್ತಿ ಬೇರೆ ಊರಿಗೆ ಹೋಗ್ಬೇಕು" ಅಂದರು. ಅವರ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ. ಹಾಗಾಗಿ ಯಾವ ಕರಾರಿಗೂ ಅವರ ಸಹಿ ಬೇಕಾಗಲಿಲ್ಲ.

ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸಗಳಿವೆ. ಆದರೆ ಒಂದು ಎಕರೆ ಕಡಲೆಕಾಯಿಗೆ ಬೇಕಾದಷ್ಟು ಕೈಗಳು ಒಂದು ಎಕರೆ ಪ್ಯಾನೆಲ್ಲಿಗೆ ಬೇಕಿಲ್ಲ. ಬಿತ್ತನೆ, ಕಳೆ, ಕೀಳುವುದು, ಬಿಡಿಸುವುದು, ಎಲ್ಲಾ ನಿಂತುಹೋಯಿತು. ಗಿಡ ಬರದಿದ್ದರೆ ದನಕ್ಕೆ ಮೇವೂ ಇಲ್ಲ. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಪೀಠಿಕೆಯಲ್ಲೇ ದುಡಿಯುವವರಿಗೆ ನ್ಯಾಯ ಸಿಗುವಂತೆ ಬದಲಾವಣೆ ಆಗಬೇಕು ಎಂಬ ಮಾತಿದೆ. ಹಾಗೆಂದ ಕೂಡಲೇ ಎಲ್ಲರಿಗೂ ಗಣಿ ಮುಚ್ಚಿದರೆ ಕೆಲಸ ಕಳೆದುಕೊಳ್ಳುವ ಕಲ್ಲಿದ್ದಲು ಕಾರ್ಮಿಕರು ನೆನಪಾಗುತ್ತಾರೆ. ಅದು ಸರಿಯೇ. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಮುಂದೊಂದು ದಿನ ನಿಂತರೆ ಅಲ್ಲಿನ ಗುತ್ತಿಗೆ ಕಾರ್ಮಿಕರ ಗತಿ ಏನು ಅಂತ ಈಗಲೇ ಯೋಚಿಸಬೇಕು. ಆದರೆ ನಮ್ಮ ಬಯಲುಸೀಮೆಯಲ್ಲಿ ಈ ಪೆಟ್ಟು ಮೊದಲು ಬಿದ್ದದ್ದು ಕೂಲಿಯವರಿಗೆ ಮತ್ತು ಕುರಿಗಾರರಿಗೆ.

ಇನ್ನು ನಿಮ್ಮ ಲೆಕ್ಕ. ನಿಮಗೂ ಪಾವಗಡದ ದರವೇ ಸಿಕ್ಕಿತು ಅಂದುಕೊಳ್ಳಿ. 12 ಎಕರೆಗೆ ವರ್ಷಕ್ಕೆ 2,52,000, ಅಂದರೆ ತಿಂಗಳಿಗೆ 21,000 ರೂಪಾಯಿ. ಇವತ್ತಿಗೆ ಚೆನ್ನಾಗೇ ಕಾಣುತ್ತದೆ. ಆದರೆ ಎರಡು ವರ್ಷಕ್ಕೆ ಶೇಕಡಾ 5 ಏರಿದರೆ, 26 ವರ್ಷ ಕಳೆದಾಗ 100 ರೂಪಾಯಿ ಬಾಡಿಗೆ ಸುಮಾರು 189 ಆಗಿರುತ್ತದೆ. ರಿಸರ್ವ್ ಬ್ಯಾಂಕಿನ ಗುರಿಯಂತೆ ವರ್ಷಕ್ಕೆ ಶೇಕಡಾ 4ರಷ್ಟೇ ಬೆಲೆ ಏರಿದರೂ, 100 ರೂಪಾಯಿಯ ಅಕ್ಕಿಬೇಳೆಗೆ ಆಗ ಸುಮಾರು 277 ಕೊಡಬೇಕು. ಅಂದರೆ ಬಾಡಿಗೆ ಕಾಗದದ ಮೇಲೆ ಬೆಳೆಯುತ್ತದೆ, ಅಡುಗೆಮನೆಯಲ್ಲಿ ಕರಗುತ್ತದೆ. ಏರಿಕೆ ಬೆಲೆಯೇರಿಕೆಗೆ ತಕ್ಕಂತೆ ಇರಲಿ ಅಂತ ಈಗಲೇ ಹಠ ಹಿಡಿಯಿರಿ. ಸಹಿ ಹಾಕಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕರಾರಿನಲ್ಲಿ ಇನ್ನೂ ಕೆಲವು ನೋಡಿಕೊಳ್ಳಿ. ಗುತ್ತಿಗೆ ಮುಗಿದಾಗ ಪ್ಯಾನೆಲ್ಲು, ಕಾಂಕ್ರೀಟು, ಕಂಬ ಕಿತ್ತು ಜಮೀನು ಉಳುವ ಹಾಗೆ ಮಾಡಿಕೊಡುವ ಖರ್ಚು ಯಾರದು? ಪ್ಯಾನೆಲ್ ತೊಳೆಯುವ ನೀರು ಯಾವ ಬೋರ್‌ವೆಲ್ಲಿನದು? ಅಕ್ಕಪಕ್ಕದ ಹೊಲಕ್ಕೆ ಹೋಗುವ ಬಂಡಿದಾರಿ ಬೇಲಿಯೊಳಗೆ ಸೇರಿಹೋಗುತ್ತದಾ? ಅಮ್ಮನ ಹೆಸರೂ ಕರಾರಿನಲ್ಲಿ ಇರುತ್ತದಾ?

ನಿಮ್ಮ ಅಪ್ಪನ ಪ್ರಶ್ನೆಗೂ ಕರಾರಿನಲ್ಲೇ ಜಾಗ ಮಾಡಬಹುದು. ಈ ಜಮೀನಿನಲ್ಲಿ ದುಡಿಯುತ್ತಿದ್ದ ಮನೆಯವರಿಗೆ ಒಳಗಿನ ಕೆಲಸದಲ್ಲಿ ಮೊದಲ ಹಕ್ಕು ಅಂತ ಬರೆಸಿ, ದಿನಗೂಲಿ ಎಷ್ಟು ಅನ್ನುವುದನ್ನೂ ಸೇರಿಸಿ. ಪ್ಯಾನೆಲ್ಲಿನ ಕೆಳಗೆ ಕುರಿ ಮೇಯಲು ಬಿಡುವಂತೆ ಕೇಳಿ. ಎಷ್ಟೋ ದೇಶಗಳಲ್ಲಿ ಹಾಗೆ ಮಾಡುತ್ತಾರೆ, ಕಂಪನಿಗೆ ಹುಲ್ಲು ಕೊಯ್ಯುವ ಖರ್ಚು ಉಳಿಯುತ್ತದೆ. ಹನ್ನೆರಡೂ ಎಕರೆ ಕೊಡಲೇಬೇಕೆಂದೇನೂ ಇಲ್ಲ, ನಾಲ್ಕು ಎಕರೆ ಬಿತ್ತನೆಗೆ ಉಳಿಸಿಕೊಳ್ಳಬಹುದು.

ಇನ್ನೊಂದು ದಾರಿಯೂ ಇದೆ. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆಯಲ್ಲಿ ರೈತರು, ಸಹಕಾರ ಸಂಘಗಳು, ಪಂಚಾಯಿತಿಗಳು ತಾವೇ 2 ಮೆಗಾವಾಟ್ ವರೆಗಿನ ಘಟಕ ಹಾಕಿ ವಿದ್ಯುತ್ ಮಾರಲು ಅವಕಾಶ ಕೊಟ್ಟಿದ್ದರು, ಈಗಲೂ ಇದೆಯಾ ಅಂತ ವಿಚಾರಿಸಿ. ನಿಮ್ಮ 12 ಎಕರೆಯಲ್ಲಿ ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ಕೋಟಿಗಟ್ಟಲೆ ಬಂಡವಾಳ ಬೇಕು, ಒಬ್ಬರ ಕೈಲಿ ಆಗುವ ಮಾತಲ್ಲ. ಹತ್ತಾರು ಮನೆಯವರು ಸೇರಿದರೆ ಯೋಚಿಸಬಹುದು. ಆ ಸಂಘಕ್ಕೆ ಜಮೀನಿಲ್ಲದವರನ್ನೂ ಸೇರಿಸಿಕೊಂಡರೆ ನನಗೆ ತುಂಬಾ ಸಂತೋಷ.

ಅಪ್ಪನ ಜೊತೆ ಜಗಳ ಬೇಡ. ಈ ವಾರ ಒಂದು ಸಂಜೆ ಆ ಕೂಲಿ ಮನೆಯವರನ್ನೂ ಕರೆದು ಜಗಲಿ ಮೇಲೆ ಕೂತು ಮಾತಾಡಿ. ಕಂಪನಿಯವರು ಕರಾರಿನ ಕರಡು ಕೊಟ್ಟರೆ ಮೊದಲು ನಿಮ್ಮ ಪರಿಚಯದ ವಕೀಲರಿಗೆ ತೋರಿಸಿ. ಒಂದು ಪ್ರತಿ ನನಗೂ ಕಳಿಸಿ, ಓದಿ ಅನಿಸಿದ್ದನ್ನು ಬರೆಯುತ್ತೇನೆ.