"ಇವರ ಮನಸ್ಸಲ್ಲಿ ಏನಿದೆ?" ಅಂತ ದಿನಾ ಕಾರ್ಡು ಎಳೆಯುತ್ತಿದ್ದವರು

ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಸುಮಾ ಅಂತ ಕರೆಯೋಣ, ವಯಸ್ಸು 37, ಊರು ತುಮಕೂರು ಅಂದುಕೊಳ್ಳಿ. ಅಕೌಂಟ್ಸ್ ಕೆಲಸದಲ್ಲಿದ್ದವರು, ಮಗ ಹುಟ್ಟಿದ ಮೇಲೆ ಬಿಟ್ಟರು. ಈಗ ಹಳೇ ಆಫೀಸಿನವರೊಬ್ಬರು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಗಂಡ ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ.

ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದರು. ಟ್ಯಾರೋ, ಅಂದರೆ ಚಿತ್ರದ ಕಾರ್ಡು ಎಳೆದು ಭವಿಷ್ಯ ನೋಡುವ ವಿಷಯವನ್ನು ಆಮೇಲೆ, ನಾಚಿಕೊಂಡು ಹೇಳಿದರು. ರೀಲ್ಸ್ ನೋಡುತ್ತಾ ಶುರುವಾಗಿದ್ದು. ಆಮೇಲೆ ಒಂದು ಆ್ಯಪ್, ಆಮೇಲೆ ಕಾರ್ಡಿನ ಕಟ್ಟನ್ನೇ ತರಿಸಿಕೊಂಡರು. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಎಳೆಯುವುದು, ಪ್ರಶ್ನೆ ಮಾತ್ರ ದಿನಾ ಅದೇ: "ಇವರ ಮನಸ್ಸಲ್ಲಿ ಏನಿದೆ?" ಬಂದ ಕಾರ್ಡು ಇಷ್ಟವಾಗದಿದ್ದರೆ ಕಲಸಿ ಮತ್ತೆ ಎಳೆಯುವುದು, ಅದೂ ಸರಿ ಅನ್ನಿಸದಿದ್ದರೆ ಮತ್ತೊಂದು, ಹೀಗೇ ಮಧ್ಯರಾತ್ರಿ ದಾಟುತ್ತಿತ್ತು. ನಿದ್ದೆ ಎಲ್ಲಿ ಹೋಯಿತು ಅಂತ ಬೇರೆ ಹುಡುಕಬೇಕಾಗಿರಲಿಲ್ಲ.

ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ ಅಂತ ಕಾಯುತ್ತಿದ್ದರು. ನಾನು ಹೇಳಲಿಲ್ಲ. ದೇವರ ಮುಂದೆ ಹೂ ಪ್ರಸಾದ ಕೇಳಿ, ಹೂ ಎಡಗಡೆ ಬಿದ್ದರೆ "ಇನ್ನೊಂದ್ಸಲ ಕೇಳೋಣ" ಅನ್ನುವ ಅಜ್ಜಿಯಂದಿರನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಏನು ಬೇಕು ಅಂತ ಅಜ್ಜಿಗೆ ಮೊದಲೇ ಗೊತ್ತಿರುತ್ತದೆ. ಸುಮಾ ಅವರನ್ನೂ ಅದನ್ನೇ ಕೇಳಿದೆ. "ಯಾವ ಕಾರ್ಡು ಬಂದಾಗ ಎಳೆಯೋದು ನಿಲ್ಲಿಸ್ತೀರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗು ಅನ್ನೋ ಥರದ್ದು ಬಂದಾಗ ಮೇಡಂ" ಅಂದರು.

ನಡುವೆ ಒಬ್ಬರಿಗೆ ದುಡ್ಡು ಕೊಟ್ಟು ವಿಡಿಯೋ ಕಾಲ್‌ನಲ್ಲಿ ಕಾರ್ಡು ನೋಡಿಸಿದ್ದರು. "ನೀವು ಎಲ್ಲರಿಗೂ ಮಾಡ್ತೀರಿ, ನಿಮ್ಮನ್ನ ಅರ್ಥ ಮಾಡ್ಕೊಳ್ಳೋರು ಕಮ್ಮಿ" ಅಂದರಂತೆ. "ನನ್ನ ಬಗ್ಗೆ ಹೇಗೆ ಗೊತ್ತಾಯ್ತು ಮೇಡಂ?" ಅಂತ ಸುಮಾಗೆ ಆಶ್ಚರ್ಯ. ಅವರಿಗೆ 1948ರ ಒಂದು ಪ್ರಯೋಗದ ಕಥೆ ಹೇಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ "ಇದು ನಿನ್ನ ವ್ಯಕ್ತಿತ್ವ" ಅಂತ ಒಂದು ಚೀಟಿ ಕೊಟ್ಟ. ಎಷ್ಟು ಸರಿಯಾಗಿದೆ ಅಂತ ಅಂಕ ಹಾಕಿ ಅಂದ. ಸರಾಸರಿ ಐದಕ್ಕೆ 4.26 ಬಂತು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಚೀಟಿ. ಮಾತುಗಳನ್ನು ಹೆಚ್ಚಾಗಿ ಆರಿಸಿದ್ದು ಜ್ಯೋತಿಷ್ಯದ ಪುಸ್ತಕದಿಂದ! ಸುಮಾ ನಕ್ಕರು. ಅಲ್ಲಿಯವರೆಗೆ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ಸಲ ಕಟ್ಟು ತನ್ನಿ ಅಂದೆ. ತಂದರು. 1909ರಲ್ಲಿ ಲಂಡನ್ನಿನಲ್ಲಿ ಮೊದಲು ಅಚ್ಚಾದ, ಪಮೇಲಾ ಕೋಲ್ಮನ್ ಸ್ಮಿತ್ ಅನ್ನುವ ಕಲಾವಿದೆ ಬರೆದ ಚಿತ್ರಗಳ ಕಟ್ಟು ಅದು. ಒಟ್ಟು 78 ಕಾರ್ಡು. ಟ್ಯಾರೋ ಹುಟ್ಟಿದ್ದು ಹದಿನೈದನೇ ಶತಮಾನದ ಇಟಲಿಯಲ್ಲಿ, ಇಸ್ಪೀಟಿನ ಥರ ಆಡುವುದಕ್ಕೆ. ಭವಿಷ್ಯ ಹೇಳುವ ರೂಢಿ ಜೋರಾಗಿದ್ದು ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ. ಹಳೇ ಕಟ್ಟುಗಳಲ್ಲಿ ಹೆಚ್ಚಿನವು ಇಸ್ಪೀಟಿನ ಎರಡು, ಮೂರರ ಥರದ ಎಣಿಕೆಯ ಕಾರ್ಡುಗಳ ಮೇಲೆ ಬಟ್ಟಲು, ಕತ್ತಿಗಳನ್ನು ಸುಮ್ನೆ ಎಣಿಕೆಗೆ ತಕ್ಕಂತೆ ಜೋಡಿಸಿಟ್ಟಿದ್ದವು. ಸ್ಮಿತ್ ಅವಕ್ಕೂ ಮನುಷ್ಯರನ್ನು ಬರೆದರು. ಯಾರೋ ಎದ್ದು ಹೋಗುತ್ತಿದ್ದಾರೆ, ಯಾರೋ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಾರೆ. ನನ್ನಂಥವರಿಗೆ ಉಪಯೋಗಕ್ಕೆ ಬರುವುದು ಅದೇ. ಚಿತ್ರ ತೋರಿಸಿ ಕಥೆ ಹೇಳಿಸುವ ಪರೀಕ್ಷೆ ಮನಶ್ಶಾಸ್ತ್ರದಲ್ಲಿ 1930ರ ದಶಕದಿಂದಲೂ ಇದೆ. ಟ್ಯಾರೋ ಅಂಥ ಪರೀಕ್ಷೆಯಲ್ಲ, ಅದರಿಂದ ಯಾವ ಕಾಯಿಲೆಯನ್ನೂ ಪತ್ತೆ ಮಾಡಲಾಗದು. ಮಾತು ಹೊರಡಿಸುವುದಕ್ಕಂತೂ ಆಗುತ್ತದೆ.

ಒಂದು ಎಳೆಯಿರಿ, ಜೊತೆಗಿರುವ ಅರ್ಥದ ಪುಸ್ತಕ ಮುಟ್ಟಬೇಡಿ ಅಂದೆ. ಟೆನ್ ಆಫ್ ವಾಂಡ್ಸ್ ಬಂತು. ಒಬ್ಬ ಬಗ್ಗಿಕೊಂಡು ಹತ್ತು ಕೋಲು ತಬ್ಬಿ ಹೊತ್ತಿದ್ದಾನೆ, ದೂರದಲ್ಲಿ ಊರು. "ಇವನಿಗೆ ಮುಂದೆ ಏನೂ ಕಾಣ್ತಿಲ್ಲ. ಕೋಲಲ್ಲೇ ಮುಖ ಮುಚ್ಚಿದೆ" ಅಂದರು. ಕೋಲುಗಳಿಗೆ ಹೆಸರಿಡಿ ಅಂದೆ. ಡಬ್ಬಿ, ಟ್ಯೂಷನ್, ಅತ್ತೆಯ ಬಿಪಿ ಮಾತ್ರೆ, ಮನೆ ಸಾಲದ ಕಂತು, ಹೀಗೆ ಸರಸರ ಹೇಳುತ್ತಾ ಹೋದವರು, "ಇವರು ಸಾಯಂಕಾಲ ಯಾವ ಮೂಡಲ್ಲಿ ಬರ್ತಾರೆ ಅಂತ ನೋಡ್ಕೊಳ್ಳೋದು" ಅಂದು ನಿಂತರು. "ಅದು ನಾನೇ ಹೊತ್ಕೊಂಡಿದ್ದು ಅಲ್ವಾ ಮೇಡಂ? ಅವರೇನೂ ಕೊಟ್ಟಿಲ್ಲ."

ಆ ಕಾರ್ಡು ಬಂದದ್ದು ಕಾಕತಾಳೀಯ. ಬೇರೆ ಯಾವುದು ಬಂದಿದ್ದರೂ ಈ ಮಾತು ಇನ್ನೊಂದು ದಾರಿಯಲ್ಲಿ ಬರುತ್ತಿತ್ತು ಅಂತ ನನ್ನ ಲೆಕ್ಕ.

ಕೊಟ್ಟ ಸಲಹೆ ಇಷ್ಟು. ವಾರಕ್ಕೆ ಒಂದೇ ಕಾರ್ಡು, ಹಗಲು ಹೊತ್ತು ಮಾತ್ರ. ಅಳು ಬಂದಾಗ, ಜಗಳವಾದ ಮೇಲೆ ಬೇಡ. ಪ್ರಶ್ನೆ "ನಾನು" ಅಂತ ಶುರುವಾಗಲಿ: ನಾನು ಯಾವುದಕ್ಕೆ ಹೆದರುತ್ತಿದ್ದೇನೆ, ನಾನು ಏನನ್ನು ಹೇಳದೆ ಇಟ್ಟುಕೊಂಡಿದ್ದೇನೆ. ಚಿತ್ರದಲ್ಲಿ ಕಂಡದ್ದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಅರ್ಥದ ಪುಸ್ತಕ ಆಮೇಲೆ, ಬೇಕಿದ್ದರೆ. ಮತ್ತೆ ಎಳೆಯಬೇಕು ಅನ್ನಿಸಿದರೆ ಎಳೆಯಬೇಡಿ, "ಯಾವುದು ಬರಲಿ ಅಂತ ಕಾಯುತ್ತಿದ್ದೆ?" ಅಂತ ಬರೆಯಿರಿ. ಕಾಯಿಲೆ, ಕೋರ್ಟು, ಸಾಲದ ಪ್ರಶ್ನೆಗಳನ್ನು ಅದಕ್ಕೆ ಸಂಬಂಧಪಟ್ಟವರ ಹತ್ತಿರವೇ ಕೇಳಬೇಕು. ಇನ್ನು ಗಂಡನ ಮನಸ್ಸಿನ ಪ್ರಶ್ನೆ, ಅದನ್ನು ಗಂಡನನ್ನೇ ಕೇಳಬೇಕು. ಇದನ್ನು ಹೇಳಿದಾಗ ಅವರಿಗೆ ಸಿಟ್ಟು ಬಂತು. "ಕೇಳೋಕೆ ಆಗಿದ್ದಿದ್ರೆ ಕಾರ್ಡ್ ಯಾಕೆ ಹಿಡೀತಿದ್ದೆ?" ಅಂದರು, ನ್ಯಾಯವೇ. ಅದಕ್ಕೇ ಹೇಗೆ ಕೇಳುವುದು ಅಂತ ನಾವಿಬ್ಬರೂ ಕೂತು ಮಾತಾಡಿ ನೋಡಿದೆವು, ನಾನು ಗಂಡನ ಪಾತ್ರ. "ಒಪ್ತೀರಾ ಇಲ್ವಾ" ಅನ್ನುವ ಬದಲು "ನಾನು ಕೆಲಸಕ್ಕೆ ಹೋದರೆ ನಿಮಗೆ ಯಾವುದು ಕಷ್ಟ ಆಗುತ್ತೆ?" ಅನ್ನುವುದಕ್ಕೆ ಬಂದು ನಿಂತೆವು.

ಇದನ್ನು ಓದುವವರಿಗೂ ಒಂದು ಮಾತು. ಕಾರ್ಡು ನೋಡದೆ ಮನೆಯಿಂದ ಹೊರಡಲು ಆಗುತ್ತಿಲ್ಲ, ಊಟ ನಿದ್ದೆ ಕೆಟ್ಟಿದೆ ಅಂತಾದರೆ ಟ್ಯಾರೋ ಬದಿಗಿಟ್ಟು ಮಾನಸಿಕ ಆರೋಗ್ಯ ತಜ್ಞರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಸುಮಾ ಕೇಳಿದರು. ಬೆಳಗ್ಗೆ ತನ್ನ ಅಮ್ಮನ ಜೊತೆ ಯಾರಿರುತ್ತಾರೆ ಅನ್ನುವುದೇ ಗಂಡನ ಚಿಂತೆಯಾಗಿತ್ತಂತೆ. ಈಗ ಮಧ್ಯಾಹ್ನದ ಮೇಲೆ ಮಾತ್ರ ಬರುತ್ತೇನೆ ಅಂತ ಆಫೀಸಿನವರ ಜೊತೆ ಮಾತು ನಡೆಯುತ್ತಿದೆ, ಅವರಿನ್ನೂ ಹೂಂ ಅಂದಿಲ್ಲ. ಆ್ಯಪ್ ತೆಗೆದುಹಾಕಿದ್ದಾರೆ. ಒಂದೆರಡು ರಾತ್ರಿ ಅಡುಗೆಮನೆಗೆ ಹೋಗಿ ಮತ್ತೆ ಎಳೆದದ್ದೂ ಉಂಟು, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದು ತಂದು ತೋರಿಸಿದರು.