ಹೊಸ ಮುಖ್ಯ ಶಿಕ್ಷಕಿಗೆ ಮೊದಲ ವಾರ

ಪ್ರಶ್ನೆ: ಸರ್ಕಾರಿ ಬಾಲಕಿಯರ ಪ್ರೌಢಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಡ್ತಿ ಸಿಕ್ಕಿದೆ. ಚಾರ್ಜ್ ತೆಗೆದುಕೊಳ್ಳುವಾಗ ಏನೇನು ನೋಡಬೇಕು?

ಉತ್ತರ: ಹಾರ, ಶಾಲು ಮುಗಿದ ಕೂಡಲೇ ಸಹಿ ಹಾಕಬೇಡಿ. ನಗದು ಪುಸ್ತಕದ ಶಿಲ್ಕನ್ನು ಪಾಸ್‌ಬುಕ್ ಜೊತೆ ತಾಳೆ ನೋಡಿ. ಕೊಟ್ಟೂ ನಗದಾಗದ ಚೆಕ್ಕುಗಳಿದ್ದರೆ ಲೆಕ್ಕ ಹೊಂದುವುದಿಲ್ಲ. ಬಿಸಿಯೂಟದ ಅಕ್ಕಿ, ಬೇಳೆ ತೂಗಿಸಿ, ಕಡಿಮೆ ಬಿದ್ದದ್ದನ್ನು ಚಾರ್ಜ್ ಪಟ್ಟಿಯಲ್ಲೇ ಬರೆಸಿ. ಇಲ್ಲದಿದ್ದರೆ ಆಮೇಲೆ ಹೊಣೆ ನಿಮ್ಮ ತಲೆಗೆ.

ನಂತರ ಶೌಚಾಲಯ. ಒಳಚಿಲಕ, ನಲ್ಲಿ, ಮುಚ್ಚಳವಿರುವ ಕಸದ ಡಬ್ಬಿ ನೀವೇ ಹೋಗಿ ನೋಡಿ. ಚಿಲಕ ಕೆಟ್ಟಿದ್ದರೆ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮುಟ್ಟಿನ ದಿನ ಮನೆಯಲ್ಲೇ ಉಳಿಯುತ್ತಾರೆ. ಪ್ಯಾಡ್ ಇಟ್ಟ ಬೀರುವಿನ ಕೀಲಿ ಒಬ್ಬರ ಬಳಿಯೇ ಇದ್ದರೆ ಅವರು ರಜೆ ಹಾಕಿದ ದಿನ ಪಜೀತಿ; ಎರಡು ಕೀಲಿ ಮಾಡಿಸಿ.

ಲೈಂಗಿಕ ದೌರ್ಜನ್ಯದ ದೂರು ಬಂದರೆ ಒಳಗೊಳಗೇ ರಾಜಿ ಬೇಡ. 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿರಲಿ.